ಸಾಲುಮನೆ ಬೇಡ ಅನ್ನೋ ಮುಂಚೆ ಲೆಕ್ಕ ಹಾಕೋಣ

ಹೊಸೂರು ಸುತ್ತಮುತ್ತ ಲೇಔಟ್ ಅಂದ್ರೆ ಇಷ್ಟು ದಿನ ಮೂವತ್ತು-ನಲವತ್ತರ ಸೈಟು ಅಂತಲೇ ಅರ್ಥ ಇತ್ತು. ಈಗ ಬೋರ್ಡುಗಳಲ್ಲಿ ಬೇರೆ ಪದ ಕಾಣಿಸ್ತಿದೆ: ‘ರೋ ಹೌಸ್’, ‘ಟೌನ್‌ಹೋಮ್’. ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆ. ಕೆಳಗೆ ಹಾಲು, ಅಡುಗೆಮನೆ. ಮೇಲೆ ಮಲಗೋ ಕೋಣೆ. ಮುಂದೆ ಒಂದು ಬೈಕು ನಿಲ್ಲಿಸೋಷ್ಟು ಜಾಗ. ಹೆಸರು ಹೊಸದು, ಮನೆ ಹೊಸದಲ್ಲ. ನಮ್ಮ ಹಳೇ ಪೇಟೆ ಬೀದಿಗಳಲ್ಲಿ, ಅಗ್ರಹಾರಗಳಲ್ಲಿ, ವಠಾರಗಳಲ್ಲಿ ಜನ ಬದುಕಿದ್ದು ಹೀಗೇ, ಪಕ್ಕದ ಮನೆ ಒಗ್ಗರಣೆ ವಾಸನೆ ಕುಡಿದುಕೊಂಡು.

ಇಂಥ ಯೋಜನೆ ಯಾವ ಊರಿನ ಪಕ್ಕ ಬಂದರೂ ಮೂರು ಮಾತು ಕೇಳಿಬರುತ್ತವೆ. ಮೊದಲನೇದು, ಇಷ್ಟೊಂದು ಮನೆ ಒಂದೇ ಕಡೆ ಬಂದ್ರೆ ನೀರು, ಚರಂಡಿ, ರಸ್ತೆ ಎಲ್ಲಿಂದ ತರ್ತೀರಿ ಅಂತ. ಎರಡನೇದು, ಹೊರಗಿನವರು ಬಂದು ತುಂಬಿಕೊಳ್ತಾರೆ, ನಾವು ಇರೋ ಊರಲ್ಲೇ ಕಡಿಮೆ ಆಗ್ತೀವಿ ಅಂತ. ಮೂರನೇದನ್ನ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳ್ತಾರೆ: ಚಿಕ್ಕ ಚಿಕ್ಕ ಮನೆ ಬಂದ್ರೆ ನಮ್ಮ ಸೈಟಿನ ರೇಟು ಬೀಳುತ್ತೆ.

ನಮ್ಮ ಹುಡುಗರಲ್ಲೂ ಬಹಳ ಮಂದಿ ಈ ‘ಬೇಡ’ ಕಡೆ ನಿಂತಿದ್ದಾರೆ. ನಾವು ಆ ಕಡೆ ಇಲ್ಲ. ಹಾಗಂತ ಬಿಲ್ಡರ್ ಕೊಡೋ ಬಣ್ಣದ ಕಾಗದ ಓದಿ ಚಪ್ಪಾಳೆ ತಟ್ಟೋ ಕಡೆಯೂ ಇಲ್ಲ. ಕೂತು ಲೆಕ್ಕ ಹಾಕಿದ್ರೆ, ದೊಡ್ಡ ಸೈಟಿನ ಲೇಔಟನ್ನ ಸುಮ್ಮನೆ ಒಪ್ಪಿಕೊಂಡು ಸಾಲುಮನೆಗೆ ಮಾತ್ರ ಅಡ್ಡ ನಿಲ್ಲೋದು ನಮ್ಮ ಕಾಲಿಗೆ ನಾವೇ ಕೊಡಲಿ ಹಾಕಿಕೊಂಡಂತೆ ಅನ್ನೋದು ಗೊತ್ತಾಗುತ್ತೆ.

ಬೆಲೆ ಯಾಕೆ ಏರ್ತಿದೆ ಅಂತ ನಿಮಗೆ ಗೊತ್ತೇ ಇದೆ. ಬೆಂಗಳೂರು 40 ಕಿಲೋಮೀಟರು. ಅತ್ತಿಬೆಲೆ ದಾಟಿದರೆ ರೇಟು ಸ್ವಲ್ಪ ಇಳಿಯುತ್ತೆ ಅಂತ ಅಲ್ಲಿಂದ ಜನ ಈಚೆ ಬರ್ತಾರೆ. ಸಿಪ್ಕಾಟ್ ಬಂದಾಗಿನಿಂದ ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟಾನ್, ಈಗ ಏಥರ್, ಟಾಟಾ ಎಲೆಕ್ಟ್ರಾನಿಕ್ಸ್, ಹೀಗೆ ಕೆಲಸ ಹುಡುಕಿಕೊಂಡು ಬರೋರು ನಿಂತೇ ಇಲ್ಲ. 2011ರ ಜನಗಣತಿಯಲ್ಲಿ ಹೊಸೂರು ನಗರಸಭೆಯ ಜನಸಂಖ್ಯೆ 1 ಲಕ್ಷ 16 ಸಾವಿರ ದಾಟಿತ್ತು. 2019ರಲ್ಲಿ ಅದು ಮಹಾನಗರಪಾಲಿಕೆ ಆಯ್ತು. 2024ರ ಜೂನ್‌ನಲ್ಲಿ ತಮಿಳುನಾಡು ಮುಖ್ಯಮಂತ್ರಿ ವಿಧಾನಸಭೆಯಲ್ಲಿ ಹೊಸೂರಿಗೆ 2000 ಎಕರೆಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಅಂತ ಘೋಷಿಸಿದರು. 2025ರ ಆಗಸ್ಟಿನಲ್ಲಿ ಬೆಂಗಳೂರಿನ ಹಳದಿ ಮೆಟ್ರೋ ಬೊಮ್ಮಸಂದ್ರಕ್ಕೆ ಬಂತು. ವಿಮಾನ ಇನ್ನೂ ಕಾಗದದ ಮೇಲೇ ಇದೆ, ಆದರೆ ಲೇಔಟ್ ಬೋರ್ಡುಗಳಲ್ಲಿ ಅದು ಆಗಲೇ ಇಳಿದು, ಟ್ಯಾಕ್ಸಿ ಹತ್ತಿ, ಸೈಟಿನ ಮುಂದೆ ನಿಂತುಬಿಟ್ಟಿದೆ.

ಎಕರೆ ಮಾರಿದ ರೈತನ ಮಗ ಅದೇ ಎಕರೆಯಲ್ಲಿ ಒಂದು ಸೈಟು ಕೊಳ್ಳೋಕೆ ಆಗದ ಸ್ಥಿತಿಗೆ ಬಂದಿರೋದು ಹೀಗೆ. ಅಣ್ಣತಮ್ಮಂದಿರು ನಾಲ್ಕು ಜನ ಇದ್ದ ಮನೆಯಲ್ಲಿ ಭಾಗ ಆದಮೇಲೆ ಕೈಗೆ ಬಂದ ದುಡ್ಡು ಮದುವೆಗೆ, ಸಾಲಕ್ಕೆ, ಒಂದು ಕಾರಿಗೆ ಹೋಯ್ತು. ಈಗ ಆ ಹುಡುಗ ಕಂಪನಿಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗ್ತಾನೆ, ಬಾಡಿಗೆ ಮನೆಯಲ್ಲಿ ಇರ್ತಾನೆ. ಅವನಿಗೆ ಮನೆ ಬೇಕು. ದಟ್ಟಣೆಯ ಪ್ರಶ್ನೆಯನ್ನ ನಾವು ನೋಡಬೇಕಾದ್ದು ಅವನ ಕಣ್ಣಿಂದ. ಎರಡು ಸೈಟು ಮಾಡಿಟ್ಟುಕೊಂಡು ರೇಟು ಏರಲಿ ಅಂತ ಕಾಯೋರ ಕಣ್ಣಿಂದಲ್ಲ.

ಈಗ ಲೆಕ್ಕ. ಮೂರು ಎಕರೆ ಜಮೀನು ಅಂತ ಇಟ್ಟುಕೊಳ್ಳಿ. ಅಂದರೆ ಸುಮಾರು 1 ಲಕ್ಷ 30 ಸಾವಿರ ಚದರಡಿ. ರಸ್ತೆಗೆ ನೂರಕ್ಕೆ ಮೂವತ್ತು ಭಾಗ ಹೋಯ್ತು ಅನ್ನಿ. ತಮಿಳುನಾಡಿನ 2019ರ ಕಟ್ಟಡ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ ಉಳಿದದ್ದರಲ್ಲಿ ಹತ್ತು ಭಾಗ ಸಾರ್ವಜನಿಕ ಬಯಲು ಜಾಗಕ್ಕೆ, ಅಂದರೆ ಒಎಸ್‌ಆರ್‌ಗೆ, ಬಿಡಬೇಕು. ಲೇಔಟು 10,000 ಚದರ ಮೀಟರ್ ದಾಟಿದರೆ ಇನ್ನೂ ಹತ್ತು ಭಾಗ ಆರ್ಥಿಕವಾಗಿ ದುರ್ಬಲ ವರ್ಗದವರ ಸೈಟಿಗೆ. ಮೂರು ಎಕರೆ ಅಂದ್ರೆ ಸುಮಾರು 12,000 ಚದರ ಮೀಟರ್, ಹಾಗಾಗಿ ಎರಡೂ ಅನ್ವಯ. ಇದೆಲ್ಲ ಕಳೆದು ಮಾರಾಟಕ್ಕೆ ಸಿಗೋದು ಸುಮಾರು 73 ಸಾವಿರ ಚದರಡಿ. ಮೂವತ್ತು-ನಲವತ್ತು, ಅಂದರೆ 1200 ಚದರಡಿಯ ಸೈಟು ಮಾಡಿದರೆ 61 ಆಗ್ತವೆ. 600 ಚದರಡಿಯ ಮೇಲೆ ಸಾಲುಮನೆ ಕಟ್ಟಿದರೆ 120ರ ಮೇಲೆ.

ಜಮೀನಿನ ರೇಟು ಚದರಡಿಗೆ 2500 ಅಂತ ಲೆಕ್ಕಕ್ಕೆ ತಗೊಳ್ಳಿ, ಕಟ್ಟೋ ಖರ್ಚು 2000. ನಿಮ್ಮೂರಲ್ಲಿ ಜಾಸ್ತಿಯೋ ಕಡಿಮೆಯೋ ಇರಬಹುದು, ಆ ಅಂಕಿ ಹಾಕಿ ನೋಡಿ. 1200 ಚದರಡಿ ಸೈಟಿಗೆ 30 ಲಕ್ಷ, ಅದರ ಮೇಲೆ 1500 ಚದರಡಿ ಮನೆಗೆ 30 ಲಕ್ಷ, ಒಟ್ಟು 60. ಸಾಲುಮನೆಗೆ ಜಾಗ 15 ಲಕ್ಷ, 700 ಚದರಡಿ ಕಟ್ಟಡಕ್ಕೆ 14, ಒಟ್ಟು 29. ನೂರಕ್ಕೆ ಎಂಬತ್ತು ಭಾಗ ಬ್ಯಾಂಕ್ ಸಾಲ, ಎಂಟೂವರೆ ಬಡ್ಡಿ, 20 ವರ್ಷ. ಮೊದಲನೇದಕ್ಕೆ ತಿಂಗಳ ಕಂತು 41 ಸಾವಿರ ದಾಟುತ್ತೆ. ಎರಡನೇದಕ್ಕೆ 20 ಸಾವಿರದ ಹತ್ತಿರ ನಿಲ್ಲುತ್ತೆ.

20 ಸಾವಿರ ಸಂಬಳದ ಒಬ್ಬನಿಗೆ ಎರಡೂ ಎಟುಕಲ್ಲ, ಇದನ್ನ ನೇರವಾಗಿ ಹೇಳಿಬಿಡೋಣ. ಆದರೆ ಗಂಡ ಕಂಪನಿಗೆ, ಹೆಂಡತಿ ಗಾರ್ಮೆಂಟ್ಸಿಗೋ ಟೀಚರ್ ಕೆಲಸಕ್ಕೋ ಹೋಗೋ ಮನೆಗೆ, ಅಪ್ಪನ ಕೈಯಿಂದ ನಾಲ್ಕು ಲಕ್ಷ ಮುಂಗಡ ಸಿಗೋ ಮನೆಗೆ, ಎರಡನೇದು ಕಷ್ಟಪಟ್ಟು ಎಟುಕುತ್ತೆ. ಮೊದಲನೇದು ಕನಸಲ್ಲೂ ಎಟುಕಲ್ಲ. ಇವೆರಡರ ನಡುವಿನ ವ್ಯತ್ಯಾಸದಲ್ಲೇ ನಮ್ಮ ಅರ್ಧ ಹುಡುಗರ ಬಾಳು ಇದೆ.

ಇನ್ನು ದಟ್ಟಣೆ. 61 ಸೈಟಿನ ಲೇಔಟಲ್ಲಿ 61 ಮನೆ ಇರುತ್ತೆ ಅಂತ ಯಾರಾದರೂ ಹೇಳಿದರೆ ನಗಬೇಕು. ನಿಯಮದಂತೆ ಸಾಮಾನ್ಯ ಕಟ್ಟಡಕ್ಕೆ ಸೈಟಿನ ಎರಡರಷ್ಟು ಅಂತಸ್ತಿನ ಜಾಗ ಕಟ್ಟಬಹುದು. 1200ರ ಮೇಲೆ 2400 ಚದರಡಿ. ಕೆಳಗೆ ಎರಡು ಪೋರ್ಷನ್, ಮೇಲೆ ಎರಡು ಪೋರ್ಷನ್. ನಮ್ಮ ಕಣ್ಣೆದುರೇ ಸಿಪ್ಕಾಟ್ ಸುತ್ತ ಇದೇ ಆಗಿದೆ. 61 ಸೈಟು ತುಂಬಿದಾಗ ಅಲ್ಲಿ ಇರೋದು 244 ಸಂಸಾರ. ಸಾಲುಮನೆಯಲ್ಲಿ 120. ಹಾಗಾದರೆ ದಟ್ಟ ಯಾವುದು?

ಸಾಲುಮನೆ ಯೋಜನೆ ಒಂದೇ ಸಲ ಬರುತ್ತೆ, ನಕ್ಷೆ ಇರುತ್ತೆ, ಅದನ್ನ ಹಿಡಿದು ಪ್ರಶ್ನೆ ಕೇಳಬಹುದು. ಸೈಟಿನ ಲೇಔಟಲ್ಲಿ ದಟ್ಟಣೆ ಹತ್ತು ವರ್ಷ ತಗೊಂಡು ಒಂದೊಂದೇ ಮನೆಯಾಗಿ ಬರುತ್ತೆ, ಯಾರೂ ಕೇಳಲ್ಲ. 2024ರ ಜುಲೈಯಿಂದ 2500 ಚದರಡಿ ತನಕದ ಸೈಟಲ್ಲಿ 3500 ಚದರಡಿ ತನಕದ ಮನೆಗೆ ಆನ್‌ಲೈನಲ್ಲಿ ಸ್ವಯಂ ದೃಢೀಕರಣದ ಮೇಲೆ ಅನುಮತಿ ಸಿಗುತ್ತೆ. ಅದು ಒಳ್ಳೇದೇ, ಸಾಮಾನ್ಯ ಜನ ಆಫೀಸಿಂದ ಆಫೀಸಿಗೆ ಅಲೆಯೋದು ತಪ್ಪಿತು. ಆದರೆ ಚರಂಡಿ ಒಂದು ಸಂಸಾರಕ್ಕೆ ಅಂತ ಹಾಕಿ ನಾಲ್ಕು ಸಂಸಾರ ಇಳಿದಾಗ ಏನಾಗುತ್ತೆ ಅಂತ ಮಳೆಗಾಲದಲ್ಲಿ ನೋಡಿದ್ದೀರಿ. ಬಾಡಿಗೆ ಪೋರ್ಷನ್‌ಗಳು ಬೇಡ ಅಂತ ನಾವು ಹೇಳ್ತಿಲ್ಲ. ಕಂಪನಿ ಹುಡುಗರು, ನಮ್ಮವರೂ ಸೇರಿ, ಬದುಕ್ತಿರೋದು ಅಲ್ಲೇ. ಅಲ್ಲಿ ಬಾಡಿಗೆ ಕೊಡೋರು ನಾವು, ವಸೂಲಿ ಮಾಡೋರು ಬೇರೆಯವರು. ಅಷ್ಟೇ ವ್ಯತ್ಯಾಸ.

ನೀರಿನ ಪ್ರಶ್ನೆ ಮಾತ್ರ ನಿಜವಾದ ಪ್ರಶ್ನೆ. ಬೋರು ಎಷ್ಟು ಅಡಿ ಇಳಿದರೂ ಬೇಸಿಗೆಯಲ್ಲಿ ಗಾಳಿ ಬರುತ್ತೆ. ಕೆಲವರಪಳ್ಳಿ ಅಣೆಕಟ್ಟಿಗೆ ದಕ್ಷಿಣ ಪಿನಾಕಿನಿಯಲ್ಲಿ ಬೆಂಗಳೂರಿನ ಕೊಳಚೆ ಹರಿದು ನೊರೆ ಬೆಟ್ಟ ಆಗೋದನ್ನ ಎಲ್ಲರೂ ನೋಡಿದ್ದೇವೆ. 2013ರಲ್ಲಿ ಶುರುವಾದ ಹೊಗೇನಕಲ್ ಕುಡಿಯೋ ನೀರಿನ ಯೋಜನೆ ಇದೆ. ಆ ನೀರು ಯಾರದ್ದು ಅನ್ನೋ ಗಲಾಟೆ ಗಡಿಯ ಎರಡೂ ಕಡೆ ನಡೆದಾಗ ನಡುವೆ ಸಿಕ್ಕಿಕೊಂಡವರು ನಾವೇ, ಇರಲಿ. ನೀರು ಕುಡಿಯೋದು ಸೈಟಲ್ಲ, ಸಂಸಾರ. 120 ಸಂಸಾರಕ್ಕೆ ನೀರಿಲ್ಲ ಅಂದ್ರೆ 244 ಸಂಸಾರಕ್ಕೂ ಇಲ್ಲ. ಹಾಗಾಗಿ ಸಾಲುಮನೆಯವನಿಗೆ ಕೇಳೋ ಪ್ರಶ್ನೆಯನ್ನ ಸೈಟಿನವನಿಗೂ ಕೇಳಿ: ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಮಳೆನೀರು ಇಂಗಿಸೋ ಗುಂಡಿ ಎಲ್ಲಿ? ಸಾಲುಮನೆಯಾದರೆ ನೂರು ಮನೆಗೂ ಒಂದೇ ಕೊಳಚೆ ಶುದ್ಧೀಕರಣ ಘಟಕ ಹಾಕಿಸೋದು ಸಾಧ್ಯ. ಬಿಡಿ ಬಿಡಿ ಸೈಟುಗಳಲ್ಲಿ ಒಬ್ಬೊಬ್ಬರೂ ಒಂದೊಂದು ಪಿಟ್ ತೋಡ್ತಾರೆ, ಪಕ್ಕದಲ್ಲೇ ಬೋರು ಕೊರೀತಾರೆ.

ಹೊರಗಿನವರ ಮಾತಿಗೆ ಬರೋಣ. ಅಮ್ಮಂದಿರು, ಹಿರಿಯರು ಇದನ್ನ ಹೇಳುವಾಗ ಅದರ ಹಿಂದೆ ನೋವಿದೆ, ನಾವು ತಳ್ಳಿಹಾಕಲ್ಲ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗಲಿಂದ ಇಲ್ಲಿನ ಕನ್ನಡದವರು ತೆಲುಗರ ಜೊತೆ, ತಮಿಳರ ಜೊತೆ ಹೊಂದಿಕೊಂಡು ಬಂದವರು. ಊರು ದಿಢೀರ್ ಬೆಳೆದರೆ ಕನ್ನಡ ಶಾಲೆ, ಕನ್ನಡ ಬೋರ್ಡು, ಕನ್ನಡದ ಮಾತು ಕರಗಿಹೋಗುತ್ತೆ ಅನ್ನೋ ಭಯ ಸುಳ್ಳಲ್ಲ. ಆದರೆ ಕಾರ್ಖಾನೆ ಇರೋ ತನಕ ಜನ ಬರ್ತಾರೆ. ಮನೆ ಕಟ್ಟದಿದ್ದರೆ ಅವರು ಬರೋದು ನಿಲ್ಲಲ್ಲ, ಇರೋ ಮನೆಗೇ ಹೆಚ್ಚು ಬಾಡಿಗೆ ಕೊಡ್ತಾರೆ. ಆಗ ಜಾಗ ಬಿಡೋದು ಕಡಿಮೆ ಸಂಬಳದವನು. ಬಹಳ ಸಲ ಅದು ನಮ್ಮ ಹುಡುಗನೇ. ಅವನು ಆನೇಕಲ್ಲಿಗೋ ಚಂದಾಪುರಕ್ಕೋ ಹೋದ ವರ್ಷ ಅವನ ಮಗು ಇಲ್ಲಿನ ಕನ್ನಡ ಶಾಲೆಯ ಹಾಜರಿಯಿಂದಲೂ ಹೋಗುತ್ತೆ. ಶಾಲೆಗೆ ಮಕ್ಕಳಿಲ್ಲ ಅಂತ ಸರ್ಕಾರಕ್ಕೆ ಅರ್ಜಿ ಬರೆಯೋ ನಾವು, ಆ ಮಕ್ಕಳ ಅಪ್ಪ-ಅಮ್ಮ ಎಲ್ಲಿ ಮಲಗ್ತಾರೆ ಅನ್ನೋದನ್ನ ಯೋಚಿಸೋದು ಯಾವಾಗ? ಅಷ್ಟಕ್ಕೂ ನಮ್ಮ ಎಷ್ಟು ಮನೆಯವರು ಬೆಂಗಳೂರಲ್ಲಿ ‘ಹೊರಗಿನವರು’ ಅನ್ನಿಸಿಕೊಂಡು ಬಾಡಿಗೆಗೆ ಇದ್ದಾರೆ, ಎಣಿಸಿ ನೋಡಿ.

ಇದು ನಮ್ಮಲ್ಲಿ ಮಾತ್ರ ನಡೆಯೋ ವಾದ ಅಲ್ಲ. ಟೌನ್‌ಹೋಮ್ ಅನ್ನೋ ಪದ ಬಂದ ಅಮೆರಿಕದಲ್ಲೇ ಹ್ಯೂಸ್ಟನ್ ನಗರ 1998ರಲ್ಲಿ ತನ್ನ ಒಳವರ್ತುಲ ರಸ್ತೆಯ ಒಳಗೆ ಒಂದು ಮನೆಗೆ ಕನಿಷ್ಠ 5000 ಚದರಡಿ ಜಾಗ ಬೇಕು ಅನ್ನೋ ನಿಯಮವನ್ನ 1400ಕ್ಕೆ ಇಳಿಸಿತು. 2013ರಲ್ಲಿ ಅದನ್ನ ಊರಿನ ಉಳಿದ ಭಾಗಕ್ಕೂ ವಿಸ್ತರಿಸಿತು. ಹಳೇ ಒಂಟಿಮನೆಗಳ ಜಾಗದಲ್ಲಿ ಸಾವಿರಾರು ಸಾಲುಮನೆ ಎದ್ದವು. ಬೇಡ ಅನ್ನೋ ಬೀದಿಗಳವರು ಸಹಿ ಹಾಕಿ ತಮ್ಮ ಬೀದಿಗೆ ಹಳೇ ಅಳತೆ ಉಳಿಸಿಕೊಳ್ಳೋಕೂ ದಾರಿ ಇಟ್ಟರು. ಮಧ್ಯಮ ವರ್ಗಕ್ಕೆ ಊರೊಳಗೆ ಮನೆ ಸಿಕ್ಕಿತು. ಆದರೆ ತೀರಾ ಬಡವರಿಗೆ ಆ ಮನೆಗಳು ಸಿಗಲಿಲ್ಲ. ಜಾಗದ ಅಳತೆ ಚಿಕ್ಕದಾದರೆ ಬೆಲೆ ಒಂದು ಮೆಟ್ಟಿಲು ಇಳಿಯುತ್ತೆ, ನೆಲಕ್ಕೆ ಇಳಿಯಲ್ಲ.

ನೆಲಕ್ಕೆ ಇಳಿಸಿದವರ ಉದಾಹರಣೆ ಬೇಕಾದರೆ ದೂರ ಹೋಗೋದು ಬೇಡ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಗೆಳೆಯರಿಗೆ ಕುಂಭಾರಿ ಗೊತ್ತು. ಸೊಲ್ಲಾಪುರದಿಂದ ಅಕ್ಕಲಕೋಟೆ ರಸ್ತೆಯಲ್ಲಿ ಸಿಗುತ್ತೆ. ಅಲ್ಲಿ ಮೊದಲು ಬೀಡಿ ಕಟ್ಟೋ ಹೆಂಗಸರ ಸಹಕಾರಿ ಸಂಘಕ್ಕೆ ಗೋದೂತಾಯಿ ಪರುಳೇಕರ್ ಹೆಸರಲ್ಲಿ 10,000 ಮನೆ ಆಯ್ತು. ಆಮೇಲೆ ಅದೇ ಊರಲ್ಲಿ 30,000 ಮನೆಗಳ ರಾಯನಗರ ಯೋಜನೆ ಬಂತು. ಬೀಡಿ, ಮಗ್ಗ, ಚಿಂದಿ ಆಯೋ, ರಿಕ್ಷಾ ಓಡಿಸೋ ಜನಕ್ಕೆ. 2019ರ ಜನವರಿಯಲ್ಲಿ ಶಂಕುಸ್ಥಾಪನೆ, 2024ರ ಜನವರಿ 19ರಂದು ಮೊದಲ 15,000 ಮನೆಗಳ ಹಸ್ತಾಂತರ, ಎರಡೂ ಪ್ರಧಾನಿ ಕೈಯಿಂದ. ಆದರೆ ಅದರ ಹಿಂದೆ ಓಡಾಡಿದ್ದು ಮಾಜಿ ಶಾಸಕ ನರಸಯ್ಯ ಆಡಂ ಮತ್ತು ಅವರ ಕಾರ್ಮಿಕ ಸಂಘಟನೆ. ಎಡ ಪಕ್ಷದವರು ಕೇಳಿದ್ದು, ಕೇಂದ್ರದ ಬಲ ಪಕ್ಷದ ಸರ್ಕಾರ ಕೊಟ್ಟಿದ್ದು. ಯಾರ ಬಾವುಟ ಅನ್ನೋದಕ್ಕಿಂತ ಯಾರು ಬಿಡದೆ ಕೇಳಿದರು ಅನ್ನೋದೇ ಅಲ್ಲಿ ಮುಖ್ಯ ಆಯ್ತು.

ಕುಂಭಾರಿಯಲ್ಲಿ ಬೆಲೆ ಇಳಿದದ್ದು ಮೂರು ಕಾರಣಕ್ಕೆ. ಮನೆ ಚಿಕ್ಕದು, ಒತ್ತೊತ್ತಾಗಿ ಕಟ್ಟಿದ್ದು. ಸರ್ಕಾರದ ಸಹಾಯಧನ ಸಿಕ್ಕಿದ್ದು. ಕೊಳ್ಳೋರೇ ಸಂಘ ಮಾಡಿಕೊಂಡಿದ್ದರಿಂದ ನಡುವೆ ಲಾಭ ತಿನ್ನೋರು ಕಡಿಮೆ. ಕೊರತೆ ಇಲ್ಲವೇ? ಇದೆ. ಊರಿಂದ ಹೊರಗೆ ಇರೋದ್ರಿಂದ ಕೆಲಸಕ್ಕೆ ಹೋಗಿಬರೋ ಬಸ್ಸಿನ ದುಡ್ಡು, ಸಮಯ ಹೆಂಗಸರ ತಲೆ ಮೇಲೇ ಬೀಳುತ್ತೆ. ಅಗ್ಗದ ಜಮೀನು ಯಾವಾಗಲೂ ದೂರದಲ್ಲೇ ಇರುತ್ತೆ. ಹಾಗಾಗಿಯೇ ಹೊಸೂರಲ್ಲಿ ಬಸ್ ರಸ್ತೆಯ ಪಕ್ಕ, ಸಿಪ್ಕಾಟ್ ಹತ್ತಿರ ಬರೋ ಸಾಲುಮನೆಯನ್ನ ಓಡಿಸಬೇಡಿ ಅಂತ ನಾವು ಕೇಳ್ತಿರೋದು. ಅದನ್ನ ಇಲ್ಲಿಂದ ಓಡಿಸಿದರೆ ಅದು ಬೇರಿಕೆ ಆಚೆ ಹೊಲದಲ್ಲಿ ಏಳುತ್ತೆ, ಬಸ್ಸಿಲ್ಲದ ಕಡೆ.

ಬಿಲ್ಡರ್ ಹತ್ತಿರ ಏನು ಕೇಳಬೇಕು ಅನ್ನೋದು ಈಗ. ಮೊದಲನೇದು ಆ ದುರ್ಬಲ ವರ್ಗದ ಹತ್ತು ಭಾಗ. ನಮ್ಮ ಮೂರು ಎಕರೆ ಲೆಕ್ಕದಲ್ಲಿ ಅದು 9 ಸಾವಿರ ಚದರಡಿ, ಒಂದೊಂದು ಸೆಂಟು ಅಂತ ಮಾಡಿದರೆ ಇಪ್ಪತ್ತು ಸಂಸಾರಕ್ಕೆ ಜಾಗ. ಲೇಔಟ್ ಒಳಗೇ ಕೊಡಬೇಕು ಅಂತಿಲ್ಲ, ಎರಡು ಕಿಲೋಮೀಟರ್ ಸುತ್ತಳತೆಯಲ್ಲಿ ಕೊಟ್ಟರೂ ನಿಯಮ ಒಪ್ಪುತ್ತೆ. ಹಾಗಾಗಿ ‘ಬೇರೆ ಕಡೆ ಕೊಟ್ಟಿದ್ದೀವಿ’ ಅಂದರೆ ಸರ್ವೆ ನಂಬರ್ ಕೇಳಿ, ಹೋಗಿ ನೋಡಿ. ಆ ಸೈಟುಗಳನ್ನ ಒಂದಕ್ಕೊಂದು ಸೇರಿಸಿ ದೊಡ್ಡದು ಮಾಡೋ ಹಾಗಿಲ್ಲ. ಐದು ಎಕರೆ ಜಮೀನನ್ನ ಎರಡೆರಡು ಎಕರೆ ತುಂಡು ಮಾಡಿ, ಬೇರೆ ಬೇರೆ ಹೆಸರಲ್ಲಿ, ಬೇರೆ ಬೇರೆ ವರ್ಷದಲ್ಲಿ ಅನುಮತಿ ತಗೊಂಡ್ರೆ 10,000 ಚದರ ಮೀಟರ್ ಗೆರೆ ದಾಟೋದೇ ಇಲ್ಲ. ಇದನ್ನ ಊರಿನವರೇ ಗಮನಿಸಬೇಕು, ಯಾವ ಜಮೀನು ಯಾರದಾಗಿತ್ತು ಅಂತ ಗೊತ್ತಿರೋದು ಊರಿನವರಿಗೇ.

ಕೊಳ್ಳೋ ಮುಂಚೆ ಡಿಟಿಸಿಪಿ ಅನುಮೋದನೆ ಸಂಖ್ಯೆ, ರೇರಾ ಸಂಖ್ಯೆ ಕೇಳಿ. 500 ಚದರ ಮೀಟರ್ ಜಾಗ ಅಥವಾ ಎಂಟು ಮನೆ ದಾಟಿದ ಯೋಜನೆಗೆ ರೇರಾ ನೋಂದಣಿ ಕಡ್ಡಾಯ. ‘ಪಂಚಾಯ್ತಿ ಅಪ್ರೂವಲ್’ ಅನ್ನೋ ಮಾತಿಗೆ ಮತ್ತೆ ಮರುಳಾಗಬೇಡಿ. 2016ರ ಸೆಪ್ಟೆಂಬರಿನಲ್ಲಿ ಮದ್ರಾಸ್ ಹೈಕೋರ್ಟು ಅನುಮೋದನೆ ಇಲ್ಲದ ಸೈಟುಗಳ ನೋಂದಣಿ ತಡೆದಾಗ ನಮ್ಮ ಎಷ್ಟೋ ಮನೆಗಳ ದುಡ್ಡು ಸಿಕ್ಕಿಹಾಕಿಕೊಂಡಿತ್ತು, 2017ರಲ್ಲಿ ಸಕ್ರಮ ಯೋಜನೆ ಬರೋ ತನಕ ಮಗಳ ಮದುವೆಗೆ ಅಂತ ಮಾರೋಕೂ ಆಗ್ತಿರಲಿಲ್ಲ. ಪತ್ರಗಳೆಲ್ಲ ತಮಿಳಲ್ಲಿ ಇರ್ತವೆ. ಕನ್ನಡ ಶಾಲೆಯಲ್ಲಿ ಓದಿದವರು ಸಂಕೋಚ ಬಿಟ್ಟು, ತಮಿಳು ಚೆನ್ನಾಗಿ ಓದೋ ಗೆಳೆಯನನ್ನ ಕರ್ಕೊಂಡು ಹೋಗಿ. ಬ್ರೋಕರ್ ಓದಿ ಹೇಳಿದ್ದನ್ನ ಮಾತ್ರ ನಂಬಬೇಡಿ.

ಜಮೀನು ಇರೋ ಮನೆಯವರಿಗೆ ಒಂದು ಮಾತು. ಮಾರೋದೇ ಆದರೆ ಪೂರ್ತಿ ಮಾರೋ ಬದಲು ಜಂಟಿ ಒಪ್ಪಂದ ಮಾಡಿಕೊಳ್ಳೋರು ಈಗ ಇದ್ದಾರೆ. ಹಾಗೆ ಮಾಡುವಾಗ ನಿಮ್ಮ ಪಾಲಿಗೆ ನಾಲ್ಕು ದೊಡ್ಡ ಸೈಟಿನ ಬದಲು ಎಂಟು ಸಾಲುಮನೆ ಕೇಳಿ ನೋಡಿ. ಒಬ್ಬೊಬ್ಬ ಮಗನಿಗೂ ಮಗಳಿಗೂ ಒಂದೊಂದು ಉಳಿದು, ಮಿಕ್ಕಿದ್ದನ್ನ ಬಾಡಿಗೆಗೆ ಕೊಡಬಹುದು. ಒಪ್ಪಂದಕ್ಕೆ ಸಹಿ ಹಾಕೋ ಮುಂಚೆ ನಿಮ್ಮದೇ ವಕೀಲರಿಗೆ ತೋರಿಸಿ, ಬಿಲ್ಡರ್ ಕಡೆಯ ವಕೀಲರಿಗಲ್ಲ.

ಸರ್ಕಾರದ ಹತ್ತಿರ ಕೇಳಬೇಕಾದ್ದೂ ಇದೆ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತ 2024ರಲ್ಲಿ ಶುರುವಾಗಿದೆ. ವರ್ಷಕ್ಕೆ 3 ಲಕ್ಷ ಆದಾಯದ ಒಳಗಿನವರು ದುರ್ಬಲ ವರ್ಗ, 6 ಲಕ್ಷದ ತನಕ ಕಡಿಮೆ ಆದಾಯ, 9 ಲಕ್ಷದ ತನಕ ಮಧ್ಯಮ. ಗಂಡ-ಹೆಂಡತಿ ಸೇರಿ ತಿಂಗಳಿಗೆ 40 ಸಾವಿರ ದುಡಿಯೋರು ಎರಡನೇ ಸಾಲಲ್ಲಿ ಬರ್ತಾರೆ, ಬಡ್ಡಿ ಸಹಾಯಧನಕ್ಕೆ ಅರ್ಜಿ ಹಾಕಬಹುದು. ದೇಶದಲ್ಲಿ ಎಲ್ಲೂ ಸ್ವಂತ ಪಕ್ಕಾ ಮನೆ ಇರಬಾರದು ಅನ್ನೋದು ಷರತ್ತು. ಜಮೀನಿದ್ದೂ ಮನೆ ಇಲ್ಲದವರಿಗೆ ಕಟ್ಟಿಕೊಳ್ಳೋ ಸಹಾಯವೂ ಅದರಲ್ಲೇ ಇದೆ.

ಊರಿನ ನಕ್ಷೆಯ ಮೇಲೂ ನಮಗೆ ಹಕ್ಕಿದೆ. ತಮಿಳುನಾಡಿನ 1971ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಾಸ್ಟರ್ ಪ್ಲಾನ್ ಕರಡು ಬಂದಾಗ ಸಾರ್ವಜನಿಕರ ಆಕ್ಷೇಪಣೆ, ಸಲಹೆ ಕರೀಲೇಬೇಕು. ದೊಡ್ಡ ಜಮೀನಿನವರು ತಮ್ಮ ಸರ್ವೆ ನಂಬರಿಗೆ ಹಳದಿ ಬಣ್ಣ ಬರಲಿ ಅಂತ ಅರ್ಜಿ ಹಾಕ್ತಾರೆ, ನಾವು ಊರಿನ ಹೆಸರು ಕನ್ನಡದಲ್ಲಿ ಬರೆಯಿರಿ ಅಂತ ಹಾಕ್ತೀವಿ. ಅದನ್ನ ಬಿಡೋದು ಬೇಡ. ಅದರ ಜೊತೆಗೆ ಬಸ್ ರಸ್ತೆಯ ಪಕ್ಕ ಚಿಕ್ಕ ಸೈಟಿಗೆ, ಸಾಲುಮನೆಗೆ ಜಾಗ ಗುರುತಿಸಿ, ದುರ್ಬಲ ವರ್ಗದ ಸೈಟುಗಳ ಪಟ್ಟಿಯನ್ನ ಲೇಔಟ್ ವಾರು ಪ್ರಕಟಿಸಿ, ಒಎಸ್‌ಆರ್ ಜಾಗಕ್ಕೆ ಬೇಲಿ ಹಾಕಿ ಅಂತಲೂ ಬರೆಯೋಣ.

ಸುತ್ತಲ ಹಳ್ಳಿಗಳಲ್ಲಿ ಇರೋರಿಗೆ ಇನ್ನೂ ಹತ್ತಿರದ ದಾರಿ ಗ್ರಾಮಸಭೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಈ ದಿನಗಳಲ್ಲಿ ತಮಿಳುನಾಡಿನ ಪ್ರತಿ ಪಂಚಾಯ್ತಿಯಲ್ಲೂ ಸಭೆ ಇರುತ್ತೆ. ನಿಮ್ಮ ಪಂಚಾಯ್ತಿಯಲ್ಲಿ ಕಳೆದ ಐದು ವರ್ಷದಲ್ಲಿ ಎಷ್ಟು ಲೇಔಟ್ ಆಯ್ತು, ಅದರಲ್ಲಿ ದುರ್ಬಲ ವರ್ಗದ ಸೈಟು ಎಷ್ಟು, ಯಾರಿಗೆ ಹೋಯ್ತು, ಬಯಲು ಜಾಗ ಎಲ್ಲಿದೆ ಅಂತ ಕಾಗದದಲ್ಲಿ ಬರೆದು, ತಮಿಳಲ್ಲೂ ಕನ್ನಡದಲ್ಲೂ, ಎರಡು ಪ್ರತಿ ಮಾಡಿ ಕೊಡಿ. ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಕರಡು ಬರೆಯೋಕೆ ಸಹಾಯ ಬೇಕಾದರೆ ನಮಗೆ ತಿಳಿಸಿ, ಬರೆದು ಕೊಡ್ತೀವಿ.